ಹುಳು ಮನೆ ಪಕ್ಕದ ಜಾವಾ

"ಆ ಟಾರ್ಪಾಲ್ ಕೆಳಗೆ ಬಿಡಿ."

ದನಿ ಜೋರಾಗಿರಲಿಲ್ಲ. ಆದರೂ ಚಲಪತಿಯ ಕೈಯಿಂದ ಟಾರ್ಪಾಲಿನ ಅಂಚು ತಾನಾಗಿಯೇ ಜಾರಿತು.

ತಿರುಗಿ ನೋಡಿದ. ತಲೆಯ ಮೇಲೆ ಹಿಪ್ಪುನೇರಳೆ ಕಡ್ಡಿಯ ಹೊರೆ, ಸೊಂಟಕ್ಕೆ ಬಿಗಿದ ವೇಲು, ಕೈಯಲ್ಲಿ ಕುಡುಗೋಲು. ಹೊರೆಯ ಕೆಳಗಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು.

"ಬಾಗಿಲು ತಟ್ಟಿದೆ... ಯಾರೂ ಬರಲಿಲ್ಲ," ಅಂದ.

"ಯಾರೂ ಬರಲಿಲ್ಲ ಅಂತ ಎತ್ತಿ ನೋಡೋದಾ? ಹಂಗೇ ಒಳಗೆ ಹೋಗಿ ಅನ್ನದ ಪಾತ್ರೆ ಮುಚ್ಚಳಾನೂ ಎತ್ತಿ ನೋಡಬೇಕಿತ್ತು."

ಅವನಿಗೆ ನಗು ಬಂತು. ನಗಬಾರದಿತ್ತು. ಅವಳು ಹೊರೆಯನ್ನು ಧೊಪ್ ಅಂತ ಅವನ ಕಾಲ ಬಳಿಯೇ ಹಾಕಿದಳು.

ಅವಳು ರಾಧಾಮಣಿ. ಜಂಗಮಕೋಟೆಯ ಹನುಮಂತರಾಯಪ್ಪನವರ ಒಬ್ಬಳೇ ಮಗಳು. ಡಿಗ್ರಿ ಮುಗಿಸಿ, ಅಮ್ಮನ ಜೊತೆ ಸೇರಿ ರೇಷ್ಮೆ ಹುಳು ಸಾಕುತ್ತಿದ್ದಳು. ಅವನು ಚಿಕ್ಕಬಳ್ಳಾಪುರದವನು, ಅಲ್ಲಿನ ಒಂದು ಐಟಿಐನಲ್ಲಿ ಮೇಷ್ಟ್ರು. ಹಳೇ ಜಾವಾ ಬೈಕು ಎಲ್ಲಿದೆ ಅಂದರೂ ಭಾನುವಾರ ಅಲ್ಲಿರುತ್ತಿದ್ದ. ಹುಳು ಸಾಕುವ ಮನೆಯ ಪಕ್ಕ ಟಾರ್ಪಾಲಿನ ಕೆಳಗಿದ್ದದ್ದು ಅದೇ... ಹನುಮಂತರಾಯಪ್ಪನವರ ಜಾವಾ.

"ಕೊಡ್ತೀರಾ ಅಂತ ಕೇಳೋಕೆ ಬಂದೆ," ಅಂದ.

ಜಗಲಿಯ ಮೇಲಿನ ಕಂಬಕ್ಕೆ ಒರಗಿ ಕೂತಿದ್ದ ಹನುಮಂತರಾಯಪ್ಪನವರು ಆಗ ಬಾಯಿ ಬಿಟ್ಟರು. ಅವರು ಅಲ್ಲಿದ್ದಾರೆ ಅಂತ ಚಲಪತಿಗೆ ಗೊತ್ತೇ ಆಗಿರಲಿಲ್ಲ. ಅಷ್ಟು ಸುಮ್ಮನೆ ಕೂತಿದ್ದರು.

"ಕೊಟ್ಟುಬಿಡಮ್ಮ ಮಣಿ. ಇಟ್ಕೊಂಡು ಏನು ಮಾಡಾದು."

ರಾಧಾಮಣಿ ಗಾಡಿಯ ಕಡೆ ನೋಡಿದಳು. ಒಂದು ಕಾಲಕ್ಕೆ ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಈ ಗಾಡಿಯಲ್ಲಿ ಅಪ್ಪ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಟರೆ, ಸದ್ದು ಕೇಳಿಯೇ ಊರವರು ಟೈಮು ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಅಪ್ಪ ಕೂತಿದ್ದ ಬಸ್ಸು ಮಗುಚಿತು. ಅಪ್ಪನ ಬಲಗಾಲಿಗೆ ಮೊಣಕಾಲಿಂದ ಕೆಳಗೆ ಶಕ್ತಿಯೇ ಇಲ್ಲ. ಅವತ್ತಿಂದ ಕೋಲು, ಕಂಬ, ಮೌನ.

ಈ ಗಾಡಿಯೂ ಹೋದರೆ... ಅಪ್ಪನಲ್ಲಿ ಉಳಿದಿರುವ ಅಪ್ಪನೂ ಹೋಗ್ತಾರೆ.

"ಮಾರಲ್ಲ," ಅಂದಳು. "ಅಷ್ಟು ಆಸೆ ಇದ್ರೆ ಇಲ್ಲೇ ಬಂದು ಸರಿ ಮಾಡಿಕೊಡಿ. ನಮ್ಮ ಅಂಗಳದಲ್ಲೇ. ನಮ್ಮ ಕಣ್ಣ ಮುಂದೇನೇ."

ಬೈದು ಕಳಿಸಲಿಕ್ಕೆ ಆಡಿದ ಮಾತು ಅದು. ಅವನು ಮಾತ್ರ ಬಗ್ಗಿ ಗಾಡಿಯ ಎರಡೂ ಸೈಲೆನ್ಸರ್ ನೋಡುತ್ತಿದ್ದ. ಬಾಯಿಗೆ ಹಳೇ ಸೀರೆಯ ಬಟ್ಟೆ ತುರುಕಿತ್ತು. ಚಕ್ರ ನೆಲ ಮುಟ್ಟದ ಹಾಗೆ ಇಟ್ಟಿಗೆ ಕೊಟ್ಟಿತ್ತು.

"ಇಲಿ ಹೋಗದೇ ಇರಲಿ ಅಂತ ಬಟ್ಟೆ ಯಾರು ತುರುಕಿದ್ದು?"

"ನಾನೇ. ಯಾಕೆ?"

"ಬರೋ ಭಾನುವಾರ ಬರ್ತೀನಿ," ಅಂದ ಚಲಪತಿ. ಅವನು ನೋಡಿದ್ದು ಗಾಡಿಯನ್ನಲ್ಲ.

*

ನಿಜವಾಗಿಯೂ ಬಂದ.

ಅಂಗಳದಲ್ಲಿ ಗೋಣಿಚೀಲ ಹಾಸಿ, ಒಂದೊಂದೇ ಭಾಗ ಬಿಚ್ಚಿ ಸಾಲಾಗಿ ಇಡುತ್ತಿದ್ದ. ಅಮ್ಮ ಶಾಂತಕುಮಾರಿ ಕಾಫಿ ತಂದರೆ ಮೊದಲು ಕೈ ತೊಳೆದು, ಆಮೇಲೆ ಲೋಟ ಹಿಡಿಯುತ್ತಿದ್ದ. ಅದನ್ನು ಅಮ್ಮನೂ ನೋಡಿದರು, ಮಗಳೂ ನೋಡಿದಳು.

ಟ್ಯಾಂಕಿನೊಳಗೆ ತುಕ್ಕು ಕಟ್ಟಿತ್ತು. ಸಣ್ಣ ಜಲ್ಲಿ, ಸೀಮೆಎಣ್ಣೆ ಹಾಕಿ ಅಲ್ಲಾಡಿಸಬೇಕು ಅಂದ. ಒಬ್ಬನ ಕೈಲಿ ಆಗದು. ಅವಳು ಇನ್ನೊಂದು ತುದಿ ಹಿಡಿದಳು. ಗಳಗಳ, ಗಳಗಳ... ಪಕ್ಕದ ಮನೆ ಅಕ್ಕಯಮ್ಮ ಗೋಡೆಯಾಚೆಯಿಂದ ಇಣುಕಿದಳು.

"ಏಮೇ ಮಣಿ, ತೊಟ್ಟಿಲು ತೂಗ್ತಿದೀರಾ ಇಬ್ಬರೂ?"

ರಾಧಾಮಣಿ ಟ್ಯಾಂಕ್ ಬಿಟ್ಟೇಬಿಟ್ಟಳು. ಅಷ್ಟೂ ಭಾರ ಚಲಪತಿಯ ತೋಳಿಗೆ ಬಿತ್ತು. ಅವನ ಕಿವಿ ಕೆಂಪಾದದ್ದು ಭಾರಕ್ಕಲ್ಲ.

ಕಾರ್ಬುರೇಟರಿನ ಸಣ್ಣ ತೂತನ್ನು ಅವನು ಬೆಳಕಿಗೆ ಹಿಡಿದು ನೋಡುವಾಗ ಅವಳು ಅವನನ್ನು ನೋಡುತ್ತಿದ್ದಳು. ತಾಯಿ ಮಗುವಿನ ಕಿವಿ ಒರೆಸುವ ಹಾಗೆ ಒರೆಸ್ತಾರಲ್ಲ ಈ ಮನುಷ್ಯ... ಕೈಗೆ ಅವಸರವೇ ಇಲ್ಲ. ಇಂಥ ಕೈ ಯಾರನ್ನೂ ನೋಯಿಸಲ್ಲ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಒಂದು ಭಾನುವಾರ ಅವನು ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಉಜ್ಜುತ್ತಿದ್ದಾಗ ಕಂಬದ ಕಡೆಯಿಂದ ದನಿ ಬಂತು.

"ಜಾಸ್ತಿ ಉಜ್ಜಬೇಡಪ್ಪ. ಗ್ಯಾಪು ದೊಡ್ಡದಾದ್ರೆ ಅದು ಮುನಿಸ್ಕೊಳ್ಳುತ್ತೆ."

ರಾಧಾಮಣಿ, ಚಲಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ವರ್ಷದಲ್ಲಿ ಅಪ್ಪ ಯಾರೂ ಕೇಳದೆಯೇ, ಆಸೆಯಿಂದ ಆಡಿದ ಮೊದಲ ಮಾತು ಅದು. ಅವಳು ಒಳಗೆ ಓಡಿದಳು. ಒಗ್ಗರಣೆ ಹೊಗೆಗೆ ಕಣ್ಣಲ್ಲಿ ನೀರು ಬಂತು ಅಂತ ಅಮ್ಮನಿಗೆ ಹೇಳಿದಳು. ಒಲೆಯ ಮೇಲೆ ಒಗ್ಗರಣೆಯೇ ಇರಲಿಲ್ಲ.

ಕೊನೆಗೂ ಗಾಡಿ ಕೂಗಿದ ದಿನ... ಎಡಗಾಲಲ್ಲಿ ಚಲಪತಿ ಒದ್ದ, ಬಿಳೀ ಹೊಗೆ ಅಂಗಳ ತುಂಬಿತು, ಡುಗುಡುಗು ಸದ್ದಿಗೆ ಹಟ್ಟಿಯ ಹಸು ಕಿವಿ ನಿಮಿರಿಸಿತು. ಹನುಮಂತರಾಯಪ್ಪನವರು ಕೋಲೂರಿ ಎದ್ದು ಬಂದರು. ಟ್ಯಾಂಕಿನ ಮೇಲೆ ಅಂಗೈ ಇಟ್ಟರು. ಮುಖ ಅರಳಿತು.

ಆಮೇಲೆ ಬಲಗಾಲಿನ ಕಡೆಯ ಬ್ರೇಕ್ ಪೆಡಲ್ ನೋಡಿದರು. ತಮ್ಮ ಕಾಲು ನೋಡಿಕೊಂಡರು. ಸುಮ್ಮನೆ ತಿರುಗಿ ಕಂಬದ ಬಳಿಗೆ ಹೋದರು.

ಚಲಪತಿ ಎಂಜಿನ್ ಆರಿಸಿದ.

ಆಸೆ ತೋರಿಸಿ ಕಿತ್ಕೊಂಡ ಹಾಗಾಯ್ತಲ್ಲ... ಅಂದುಕೊಂಡಳು ರಾಧಾಮಣಿ. ಅವನು ಮಾತ್ರ ಆ ಪೆಡಲನ್ನೇ ತುಂಬಾ ಹೊತ್ತು ನೋಡುತ್ತಾ ನಿಂತಿದ್ದ.

*

ಮರುವಾರ ಚಾಕಿ ಹುಳು, ಅಂದರೆ ಸಾಕಲು ತರುವ ಎಳೇ ಮರಿ ಹುಳು, ಬಂತು.

ಹುಳು ಸಾಕುವ ಮನೆಯ ರೀತಿಯೇ ಬೇರೆ. ಪೆಟ್ರೋಲು, ಪೇಂಟು, ಬೀಡಿ ಹೊಗೆ, ಸೆಂಟು... ಯಾವ ವಾಸನೆಯೂ ಮರಿ ಹುಳಕ್ಕೆ ಆಗದು. ಹೊರಗಿನವರು ಅತ್ತ ಕಾಲಿಡುವ ಹಾಗಿಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ತುಳಿದು, ಮನೆಯವರು ಮಾತ್ರ ಒಳಗೆ ಹೋಗಬೇಕು.

"ಗೂಡು ಆಗೋವರೆಗೂ ನೀವು ಬರೋ ಹಾಗಿಲ್ಲ ಮೇಷ್ಟ್ರೇ," ಅಂದಳು ರಾಧಾಮಣಿ. ಹೇಳುವಾಗ ಅವಳಿಗೇ ಬೇಜಾರಾಯಿತು.

"ಗೊತ್ತಾಯ್ತು," ಅಂದ. ಗಾಡಿಗೆ ಟಾರ್ಪಾಲ್ ಹೊದಿಸಿ ಹೊರಟ.

ಪೊರೆ ಬಿಡುವ ಎರಡನೇ ಜ್ವರ ಕಳೆದು ಹುಳ ಮತ್ತೆ ಸೊಪ್ಪು ತಿನ್ನಲು ಶುರು ಮಾಡಿದ ದಿನ, ತಾಯಿ ಮಗಳು ತೋಟದಿಂದ ಸೊಪ್ಪು ಹೊತ್ತು ಬಂದರೆ... ಹುಳು ಮನೆಯ ಪಕ್ಕದ ಜಾಗ ಖಾಲಿ. ನಾಲ್ಕು ಇಟ್ಟಿಗೆ, ನೆಲದ ಮೇಲೆ ಎಣ್ಣೆಯ ಕಲೆ. ಅಷ್ಟೇ.

"ಅಪ್ಪ, ಗಾಡಿ?"

"ಆ ಮೇಷ್ಟ್ರು ಟೆಂಪೋ ತಂದಿದ್ದ. ನಾನೇ ಕೊಟ್ಟು ಕಳಿಸ್ದೆ."

"ಯಾಕಪ್ಪ?"

ಹನುಮಂತರಾಯಪ್ಪನವರು ಕಂಬದ ಕಡೆ ಮುಖ ತಿರುಗಿಸಿದರು. "ಅದೆಲ್ಲ ಕೇಳಬೇಡ ಕಣಮ್ಮ."

ಅವಳಿಗೆ ಅರ್ಥವಾಯಿತು. ಅಥವಾ ಅರ್ಥವಾಯಿತು ಅಂದುಕೊಂಡಳು. ಅಪ್ಪ ಸೋತು ಕೊಟ್ಟುಬಿಟ್ಟರು. ಆ ಮನುಷ್ಯ ಮೊದಲ ದಿನ ಕೇಳಿದ್ದು ಅದನ್ನೇ ಅಲ್ಲವೇ? ಸರಿ ಮಾಡಿದ, ನಮ್ಮ ಮನಸ್ಸು ಗೆದ್ದ, ನಾವು ಮನೆಯಲ್ಲಿಲ್ಲದ ಹೊತ್ತು ನೋಡಿ ಎತ್ತಿಕೊಂಡು ಹೋದ.

ಅಕ್ಕಯಮ್ಮ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿ ಬಂದವಳು ಉರಿಗೆ ಇನ್ನೊಂದು ಕಡ್ಡಿ ಹಾಕಿದಳು.

"ನಿಮ್ಮ ಗಾಡೀನೇ ಕಣೇ. ಮೇಷ್ಟ್ರು ಬೀದಿಲಿ ಅತ್ತಿಂದಿತ್ತ, ಇತ್ತಿಂದತ್ತ ಓಡಿಸ್ತಿದ್ದ. ಮಾತಾಡಿಸಿದ್ರೆ ತಿರುಗೂ ನೋಡಲಿಲ್ಲ."

ಐದನೇ ಹಂತದ ಹುಳು ಹಗಲೂ ರಾತ್ರಿ ತಿನ್ನುತ್ತದೆ. ಸೊಪ್ಪಿನ ಮೇಲೆ ಅದು ಮೇಯುವ ಸದ್ದು ಜಡಿಮಳೆಯ ಹಾಗೆ. ಆ ಸದ್ದಿನ ನಡುವೆ ನಿಂತು ಸೊಪ್ಪು ಹಾಕುತ್ತಾ ರಾಧಾಮಣಿ ಅಳುತ್ತಿದ್ದಳು. ಗಾಡಿಗಾಗಿ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅವಸರವಿಲ್ಲದ ಕೈ ಅಂದ್ಕೊಂಡಿದ್ದೆನಲ್ಲ...

*

ಹುಳು ಹಣ್ಣಾಗಿ, ಬಿದಿರು ತಟ್ಟಿಯ ಚಂದ್ರಿಕೆ ಏರಿ ಗೂಡು ಕಟ್ಟಿತು. ಗೂಡು ಮಾರ್ಕೆಟ್ಟಿಗೆ ಹೋದ ಮಾರನೇ ದಿನವೇ ಅವಳು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಾವಾ ಮೇಷ್ಟ್ರು ಅಂದರೆ ಎಲ್ಲರೂ ಕೈ ತೋರಿಸಿದರು.

ಗೇಟು ತಳ್ಳಿದವಳು ನಿಂತೇಬಿಟ್ಟಳು.

ಬೆಳಗಿನ ಬಿಸಿಲಲ್ಲಿ ಗಾಡಿ ಹೊಳೆಯುತ್ತಿತ್ತು. ಹಿಪ್ಪುನೇರಳೆ ಹಣ್ಣನ್ನು ಹಿಂಡಿ ಬಳಿದ ಹಾಗಿನ ಗಾಢ ಕೆಂಪು ಬಣ್ಣ. ಟ್ಯಾಂಕಿನ ಪಕ್ಕದ ಕ್ರೋಮಿನಲ್ಲಿ ಅವಳ ಮುಖವೇ ಕಾಣುತ್ತಿತ್ತು. ಹಿಂದೆ ಗೂಡಿನ ಮೂಟೆ ಕಟ್ಟುವ ಕ್ಯಾರಿಯರ್ ಹಾಗೇ ಇತ್ತು, ಅಪ್ಪನ ಹಗ್ಗ ಸವೆಸಿದ ಗುರುತೂ ಅಲ್ಲಿಯೇ ಇತ್ತು. ಆ ಗುರುತಿನ ಮೇಲೆ ಅವನು ಬಣ್ಣ ಬಳಿದಿರಲಿಲ್ಲ. ಸಿಟ್ಟು ಒಂದು ಕ್ಷಣ ಎಲ್ಲಿ ಹೋಯಿತೋ. ಎಷ್ಟು ಚೆನ್ನಾಗಿ ಮಾಡಿದ್ದಾನೆ... ಅಪ್ಪನ ಪ್ರಾಯಕ್ಕೇ ಬಣ್ಣ ಹಚ್ಚಿದ ಹಾಗೆ.

ಆಮೇಲೆ ಬಲಗಡೆ ಕಣ್ಣು ಬಿತ್ತು.

"ಬ್ರೇಕ್ ಪೆಡಲ್ ಎಲ್ಲಿ?"

ಒಳಗಿನಿಂದ ಬಂದ ಚಲಪತಿ ಅವಳನ್ನು ನೋಡಿ ಬಾಗಿಲಲ್ಲೇ ನಿಂತ. "ಅದು... ತೆಗೆದಿದೀನಿ."

"ತೆಗೆದಿದೀರಾ? ನಿಮಗೆ ಬೇಕಾದ ಹಾಗೆ ಮಾಡ್ಕೊಂಡ್ರಿ ಅನ್ನಿ. ನಾವು ಸೊಪ್ಪಿಗೆ ಹೋದಾಗ ಬಂದು, ಕೈಲಾಗದ ಮನುಷ್ಯನ ಹತ್ತಿರ ಗಾಡಿ ಈಸ್ಕೊಂಡ್ರಲ್ಲ... ಅವತ್ತು ಟಾರ್ಪಾಲ್ ಬಿಡಿ ಅಂದಾಗಲೇ ನಿಮ್ಮನ್ನ ಆಚೆ ಕಳಿಸಬೇಕಿತ್ತು."

ಅವನ ಮುಖ ಬಿಳುಚಿತು.

ಅಷ್ಟರಲ್ಲಿ ಅವನ ತಾಯಿ ಚಿಕ್ಕವೆಂಕಟಮ್ಮ ರಾಗಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

"ಇವಳೇನಾ ಆ ಹುಡುಗಿ? ಬಾಮ್ಮ, ನೀನಾದ್ರೂ ಇವನಿಗೆ ಬುದ್ಧಿ ಹೇಳು. ಬಲಗಾಲಿಗೆ ಟವೆಲ್ ಸುತ್ತಿ, ಗಾಡಿಗೆ ಕಟ್ಕೊಂಡು ಬೀದಿಲೆಲ್ಲ ಓಡಿಸ್ತಾನೆ. ಕಾಲಿಗೇನಾಯ್ತು ಅಂತ ಊರೆಲ್ಲ ನನ್ನ ಕೇಳೋದು. ಮೊನ್ನೆ ಬಿದ್ದು ಮೊಣಕೈ ಬೇರೆ ತರಚ್ಕೊಂಡ."

"ಅಮ್ಮ, ನೀನು ಒಳಗೆ ಹೋಗು."

"ಹೋಗ್ತೀನಿ ಬಿಡಪ್ಪ. ನಿಜ ಹೇಳಿದ್ರೆ ನಾನು ಒಳಗೆ ಹೋಗಬೇಕು."

ಅಂಗಳದಲ್ಲಿ ಇಬ್ಬರೇ ಉಳಿದರು. ರಾಧಾಮಣಿಯ ಕಣ್ಣು ಅವನ ಮೊಣಕೈಯ ಮೇಲಿತ್ತು. ಗಾಯ ಇನ್ನೂ ಹಸಿಯಾಗಿತ್ತು.

"ಬಲಗಾಲು ಯಾಕೆ ಕಟ್ಕೊಂಡ್ರಿ?" ದನಿ ತಗ್ಗಿತ್ತು.

"ಕಟ್ಟದೇ ಇದ್ರೆ ಅಭ್ಯಾಸದ ಮೇಲೆ ಅದು ಬ್ರೇಕ್ ಹುಡುಕುತ್ತೆ. ಆ ಕಾಲು ಇಲ್ಲದೇ ಓಡಿಸಕ್ಕಾಗುತ್ತಾ ಅಂತ ನಾನು ಮೊದಲು ನೋಡಬೇಕಿತ್ತು." ಅವನು ಎಡಗೈ ಕಡೆಯ ಕ್ಲಚ್ ಲಿವರ್ ಹಿಡಿದು ತೋರಿಸಿದ. "ಜಾವಾದಲ್ಲಿ ಕಿಕ್ಕೂ ಎಡಗಾಲಲ್ಲೇ, ಗೇರೂ ಎಡಗಾಲಲ್ಲೇ. ಗೇರ್ ಒತ್ತಿದ್ರೆ ಕ್ಲಚ್ಚೂ ತಾನೇ ಬಿಡುತ್ತೆ. ಅಂದ್ರೆ ಈ ಲಿವರ್ ಇಲ್ಲದೇನೂ ನಡೆಯುತ್ತೆ. ಅದಕ್ಕೇ ಹಿಂದಿನ ಬ್ರೇಕನ್ನ ಇದಕ್ಕೆ ಕೊಟ್ಟೆ. ಈಗ ಬಲಗಾಲಿಗೆ ಕೆಲಸಾನೇ ಇಲ್ಲ."

ಅವಳು ಬಗ್ಗಿ ನೋಡಿದಳು. ಸೀಟಿನ ಕೆಳಗೆ, ಬಲಗಡೆ, ರಬ್ಬರ್ ಸುತ್ತಿದ ಎರಡು ಕೊಕ್ಕೆ ಕಂಡವು.

"ಇದೇನು?"

"ಮೊದಲು ಗಾಳಿ ಹೊಡೆಯೋ ಪಂಪು ಸಿಗಿಸ್ತಿದ್ರಲ್ಲ, ಆ ಕೊಕ್ಕೆ. ಸ್ವಲ್ಪ ದೊಡ್ಡದು ಮಾಡಿದೆ... ನಿಮ್ಮಪ್ಪನ ಕೋಲಿಗೆ."

ರಾಧಾಮಣಿ ಗಾಡಿಯ ಪಕ್ಕದಲ್ಲೇ ಕುಸಿದು ಕೂತಳು. ಆ ಎರಡು ಕೊಕ್ಕೆಗಳನ್ನು ಬೆರಳಲ್ಲಿ ಮುಟ್ಟಿದಳು. ಈ ಸಲ ಕಣ್ಣೀರಿಗೆ ಒಗ್ಗರಣೆಯ ನೆಪವೂ ಇರಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ?"

"ನಿಮ್ಮಪ್ಪ ಹೇಳಬೇಡ ಅಂತ ಮಾತು ತಗೊಂಡಿದ್ರು. 'ಆಗದೇ ಹೋದ್ರೆ ನನ್ನ ಮಗಳು ಇನ್ನೊಂದು ಸಲ ಸೋಲ್ತಾಳೆ. ಓಡಿಸೋ ಹಾಗಾದ್ರೆ ಮಾತ್ರ ಗೊತ್ತಾಗಲಿ' ಅಂದ್ರು. ಪೇಂಟು ಹೊಡೆಯೋಕೆ ನಿಮ್ಮ ಮನೆ ಹತ್ತಿರ ಆಗಲ್ಲ, ಹುಳ ಇತ್ತು. ಅದಕ್ಕೇ ಇಲ್ಲಿಗೆ ತಂದೆ."

"ನಾನು ಏನೇನೋ ಅಂದುಬಿಟ್ಟೆ..."

"ಅನ್ನಿ ಪರವಾಗಿಲ್ಲ. ಅಪ್ಪನ ಗಾಡಿಗೋಸ್ಕರ ಇಷ್ಟು ದೂರ ಬಂದು ಬಯ್ಯೋರು ಎಲ್ಲಿ ಸಿಗ್ತಾರೆ."

*

ಭಾನುವಾರ ಜಂಗಮಕೋಟೆಯ ಅಂಗಳದಲ್ಲಿ ಹನುಮಂತರಾಯಪ್ಪನವರು ಕೋಲನ್ನು ಕೊಕ್ಕೆಗೆ ಸಿಗಿಸಿದರು. ಅದು ಟಕ್ ಅಂತ ಕೂತಿತು. ಎಡಗಾಲಲ್ಲಿ ಒದ್ದರು. ಮೊದಲ ಸಲ ಹತ್ತಲಿಲ್ಲ. ಎರಡನೇ ಸಲ ಹತ್ತಿತು.

"ನಿಧಾನ ರೀ," ಅಂದರು ಶಾಂತಕುಮಾರಿ, ಸೆರಗಿನ ತುದಿ ಹಿಂಡುತ್ತಾ.

"ಏಮಯ್ಯಾ, ನನ್ನನ್ನೂ ಶಿಡ್ಲಘಟ್ಟಕ್ಕೆ ಕೂರಿಸ್ಕೊಂಡು ಹೋಗ್ತೀಯಾ?" ಅಕ್ಕಯಮ್ಮ ಗೋಡೆಯಾಚೆಯಿಂದ ಕೇಳಿದಳು.

"ಕ್ಯಾರಿಯರ್ ಇರೋದು ಗೂಡಿಗೆ ಕಣಕ್ಕ. ನೀನು ತೂಕ ಜಾಸ್ತಿ."

ಅಪ್ಪ ತಮಾಷೆ ಮಾಡಿದ್ದರು. ರಾಧಾಮಣಿ ಬಾಯಿಗೆ ಕೈ ಅಡ್ಡ ಹಿಡಿದಳು. ಗಾಡಿ ಹಿಪ್ಪುನೇರಳೆ ತೋಟದ ದಾರಿ ಹಿಡಿದು ತಿರುವಿನಲ್ಲಿ ಮರೆಯಾಯಿತು. ಸದ್ದು ದೂರವಾಗಿ, ನಿಂತು... ಎಲ್ಲರೂ ಉಸಿರು ಹಿಡಿದರು... ಮತ್ತೆ ಹತ್ತಿರವಾಯಿತು. ಬರುವಾಗ ಅವರ ಬೆನ್ನು ನೆಟ್ಟಗಿತ್ತು.

ಆ ಸಡಗರದಲ್ಲಿ ಹುಳು ಮನೆಯ ಬಾಗಿಲ ಬಳಿ ಇಬ್ಬರು ನಿಂತಿದ್ದನ್ನು ಯಾರೂ ನೋಡಲಿಲ್ಲ.

"ಕೆಲಸ ಮುಗೀತು," ಅಂದ ಚಲಪತಿ. "ಇನ್ನು ಬರೋಕೆ ನೆಪ ಇಲ್ಲ. ಮುಂದಿನ ಚಾಕಿ ಯಾವಾಗ?"

"ಬರೋ ತಿಂಗಳು."

"ಆಗಂತೂ ಬರೋ ಹಾಗಿಲ್ಲ." ನೆಲ ನೋಡುತ್ತಾ ಮೆಲ್ಲಗೆ ಹೇಳಿದ, "ಹೋದ ಸಲ ನೀವು ಬರಬೇಡಿ ಅಂದ ಮೇಲೆ ಒಂದೊಂದು ಭಾನುವಾರಾನೂ ಎಷ್ಟು ಉದ್ದ ಇತ್ತು ಗೊತ್ತಾ. ಗಾಡಿ ನೋಡೋಕೆ ಬಂದೋನು ನಾನು, ರಾಧಾಮಣಿ. ಈಗ ಗಾಡಿ ಇಲ್ಲದೇ ಇದ್ರೂ ಇರಬಲ್ಲೆ."

ಅವಳು ಬಾಗಿಲ ಬಳಿಯ ಸುಣ್ಣದ ಪುಡಿಯನ್ನು ಕಾಲ ತುದಿಯಿಂದ ಸಮ ಮಾಡಿದಳು.

"ಹುಳ ಇರುವಾಗ ಹೊರಗಿನವರು ಬರೋ ಹಾಗಿಲ್ಲ," ಅಂದಳು. "ಮನೆಯವರು ಬರಬಹುದು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ಹಾಗಾದ್ರೆ... ನಮ್ಮಮ್ಮನ್ನ ಕರ್ಕೊಂಡು ಬರ್ಲಾ?"

"ಚಾಕಿ ಬರೋದ್ರೊಳಗೆ ಬನ್ನಿ." ತಲೆ ಎತ್ತಿ ನೋಡಿದಳು, ಕಣ್ಣು ನಗುತ್ತಿತ್ತು. "ಕೈಯಲ್ಲಿ ಪೆಟ್ರೋಲ್ ವಾಸನೆ ಇರಬಾರದು ಅಷ್ಟೇ."

ಅವನು ಎರಡೂ ಅಂಗೈ ಮುಂದೆ ಚಾಚಿದ. ಅವಳು ಕೈ ಹಿಡಿದು, ಬಗ್ಗಿ, ಮೂಸಿ ನೋಡಿದಳು.

"ಇನ್ನೊಂದು ಸಲ ತೊಳೀಬೇಕು," ಅಂದಳು. ಅಂದರೂ ಆ ಕೈ ಬಿಡಲಿಲ್ಲ.