ಮೂವತ್ತಾರು ಇಂಚಿನ ಲೆಕ್ಕ

"ಬೀಗದ ಕೈ ನಿನ್ನ ಹತ್ರ ತಾನೇ ಇತ್ತು?" ಎಂದು ಟ್ರೈನರ್ ಸರ್ ಮೂರನೇ ಸಲ ಕೇಳಿದಾಗ ನನ್ನ ಪಿತ್ತ ನೆತ್ತಿಗೇರಿತು.

ಶಿಕ್ಷಕರ ತರಬೇತಿ ಕೇಂದ್ರದ ಕಂಪ್ಯೂಟರ್ ಲ್ಯಾಬಿಗೆ ಇಪ್ಪತ್ತೆರಡು ವರ್ಷದಿಂದ ನಾನೇ ಅಟೆಂಡರ್. ನನ್ನ ಕಾಲದಲ್ಲಿ ಒಂದು ಮೌಸ್ ಕೂಡ ಕಳೆದುಹೋಗಿರಲಿಲ್ಲ. ಅಂಥವನ ಮೇಲೆ, ಅದೂ ಶಾಲಾ ಮಕ್ಕಳ ಪ್ರೋಗ್ರಾಮಿಂಗ್ ಸ್ಪರ್ಧೆಯ ಅಂತಿಮ ಸುತ್ತಿನ ದಿನ, ನಲವತ್ತು ಮಕ್ಕಳೆದುರು ಅನುಮಾನ! ಮೈಯೆಲ್ಲ ಉರಿದುಹೋಯಿತು.

ಆಗಿದ್ದು ಇಷ್ಟು. ಮಕ್ಕಳಿಗೆ ನಾಲ್ಕು ಲೆಕ್ಕ, ಮೂರು ಗಂಟೆ. ಮಗು ಬರೆದ ಪ್ರೋಗ್ರಾಂಗೆ ನಮ್ಮ ಯಂತ್ರ ಏಳು ಗುಟ್ಟಿನ ಪರೀಕ್ಷೆ ಕೊಡುತ್ತದೆ. ಬಂದ ಉತ್ತರವನ್ನು ಉತ್ತರದ ಫೈಲಿನ ಜತೆ ತಾಳೆ ನೋಡುತ್ತದೆ. ಆ ಫೈಲು ಇದ್ದದ್ದು ನಾನು ಬೀಗ ಹಾಕಿದ್ದ ಕೋಣೆಯಲ್ಲಿ. ನಾಲ್ಕನೇ ಲೆಕ್ಕದ ಏಳನೇ ಪರೀಕ್ಷೆಯಲ್ಲಿ ಒಬ್ಬಳನ್ನು ಬಿಟ್ಟು ಎಲ್ಲ ಮಕ್ಕಳೂ ತಪ್ಪು ಎಂದು ಯಂತ್ರ ಹೇಳಿತು. ಮಕ್ಕಳು ತಕರಾರು ತೆಗೆದರು. ಕೈಯಲ್ಲಿ ಲೆಕ್ಕ ಹಾಕಿ ನೋಡಿದರೆ ಮಕ್ಕಳದ್ದೇ ಸರಿ, ಫೈಲೇ ತಪ್ಪು! ಉತ್ತರ ಒಂದು ಎಂದಿರಬೇಕಾದಲ್ಲಿ ಎರಡು ಎಂದಿತ್ತು.

ಆದರೆ ಆ ಒಬ್ಬಳು ಹುಡುಗಿ ಫೈಲಿನ ತಪ್ಪು ಉತ್ತರವನ್ನೇ ಕೊಟ್ಟಿದ್ದಳು. ಅದೂ ಹತ್ತೇ ನಿಮಿಷದಲ್ಲಿ. ಎಲ್ಲರಿಗಿಂತ ಮುಂದೆಯೂ ಅವಳೇ ಇದ್ದಳು.

"ಫೈಲಲ್ಲೂ ಇವಳಲ್ಲೂ ಒಂದೇ ತಪ್ಪು ಉತ್ತರ ಬರೋದು ಹೇಗೆ? ಫೈಲ್ ನೋಡಿದಾಳೆ. ಅಷ್ಟೇ," ಎಂದರು ಸ್ಪರ್ಧೆಯ ಮುಖ್ಯ ತೀರ್ಪುಗಾರರೂ ಆಗಿದ್ದ ಟ್ರೈನರ್ ಸರ್.

ಹುಡುಗಿಗೆ ಹದಿನಾಲ್ಕು ವರ್ಷವಿರಬೇಕು. ಎರಡು ಜಡೆ, ಸೊಂಟಕ್ಕೆ ದೊಡ್ಡದಾದ ಲಂಗ. ಸ್ಪರ್ಧೆಯಲ್ಲಿ ಮೊದಲು ಬಂದ ನಾಲ್ವರಿಗೆ ಬಹುಮಾನವಾಗಿ ಒಂದು ವರ್ಷ ದೊಡ್ಡ ಕಾಲೇಜಿನ ಲ್ಯಾಬಿನಲ್ಲಿ ಪಾಠವಿತ್ತು. ಇವಳ ಮನೆಯಲ್ಲಿ ಕಂಪ್ಯೂಟರೇ ಇಲ್ಲ ಎಂದು ಅವಳನ್ನು ಕರೆತಂದಿದ್ದ ಟೀಚರು ಬೆಳಿಗ್ಗೆ ಹೇಳಿದ್ದರು. ಆ ಪಾಠ ತಪ್ಪಿದರೆ ಇವಳ ಪ್ರೋಗ್ರಾಮಿಂಗು ಅಲ್ಲಿಗೇ ಮುಗಿಯಿತು.

ಅದೆಲ್ಲ ಗೊತ್ತಿದ್ದೂ ನಾನೇನು ಮಾಡಿದೆ? "ಬ್ಯಾಗ್ ತೆಗಿ!" ಎಂದು ಗದರಿ, ಎಲ್ಲರೆದುರೂ ಅದನ್ನು ಮೇಜಿನ ಮೇಲೆ ತಲೆಕೆಳಗು ಮಾಡಿದೆ. ಕಂಪಾಸ್ ಡಬ್ಬಿ, ನೀರಿನ ಬಾಟಲಿ, ಸುತ್ತಿಟ್ಟ ಅಳತೆ ಟೇಪು, ಬಟ್ಟೆಯ ಮೇಲೆ ಗುರುತು ಹಾಕುವ ಚಪ್ಪಟೆ ನೀಲಿ ಸೀಮೆಸುಣ್ಣ. ಸುಣ್ಣದ ತುಂಡು ನೆಲಕ್ಕೆ ಬಿದ್ದು ಎರಡಾಯಿತು. ಅವಳು ಅದನ್ನೇ ನೋಡುತ್ತ ನಿಂತಳು, ಅಳಲಿಲ್ಲ.

"ಅವಳು ಕದಿಯೋ ಹುಡುಗಿ ಅಲ್ಲ ಸರ್," ಎಂದರು ಟೀಚರು. ಅವರ ಕೈ ಕನ್ನಡಕದ ಡಬ್ಬಿಯನ್ನು ತೆಗೆಯುವುದು, ಮುಚ್ಚುವುದು ಮಾಡುತ್ತಿತ್ತು.

ನಮ್ಮ ಕೇಂದ್ರದಲ್ಲಿ ಏನೇ ಎಡವಟ್ಟಾದರೂ ಮೊದಲ ಬೈಗುಳ ನನಗೆ, ಆಮೇಲಿನ ಕರೆ ಲೈಬ್ರರಿ ಅಕ್ಕನಿಗೆ. ಪ್ರೊಜೆಕ್ಟರ್ ಕದ್ದವನನ್ನೂ ನಿಘಂಟಿನ ಹಾಳೆ ಹರಿದವರನ್ನೂ ಹಿಡಿದುಕೊಟ್ಟವಳು ಅವಳು. ಅವಳ ಜತೆ ಓಡಾಡುವ ಭಾಗ್ಯ ನನ್ನದು. ಹೋಗಿ ಕರೆದೆ.

"ಏನು ಬೀಗದ ರಾಯರೇ, ಮುಖ ಕೆಂಪಗಿದೆ?" ಎಂದಳು. ಎಲ್ಲ ಹೇಳಿದೆ. ಬ್ಯಾಗಿನ ವಿಷಯಕ್ಕೆ ಬಂದಾಗ ಅವಳ ನಗು ನಿಂತಿತು. "ಮಗು ಬ್ಯಾಗಿಗೆ ಕೈ ಹಾಕೋಕೆ ನಿಂಗೆ ಹೇಗಪ್ಪಾ ಮನಸ್ಸು ಬಂತು?" ಎಂದಷ್ಟೇ ಕೇಳಿ ಮೆಟ್ಟಿಲಿಳಿದಳು. ನಾನು ಹಿಂದೆ ಹೋದೆ.

ಅಕ್ಕ ಮೊದಲು ಹುಡುಗಿಯ ಪ್ರೋಗ್ರಾಮನ್ನು ಮುದ್ರಿಸಿ ತರಿಸಿದಳು. ಗೆರೆಗೆರೆಯ ಮೇಲೂ ಬೆರಳಿಟ್ಟು ಓದಿದಳು. ಆಮೇಲೆ ನಾಲ್ಕನೇ ಲೆಕ್ಕವನ್ನು ಓದಿದಳು. ಬಟ್ಟೆಯ ಅಗಲ ಇಷ್ಟು, ಕತ್ತರಿಸಬೇಕಾದ ತುಂಡುಗಳ ಅಗಲ ಇಷ್ಟಿಷ್ಟು, ಅಕ್ಕಪಕ್ಕ ಜೋಡಿಸಿದರೆ ಕನಿಷ್ಠ ಎಷ್ಟು ಸಾಲು ಬೇಕು? ಅದೇ ಲೆಕ್ಕ. ಏಳನೇ ಪರೀಕ್ಷೆಯಲ್ಲಿ ಬಟ್ಟೆ ಮೂವತ್ತಾರು ಇಂಚು, ತುಂಡು ಮೂರು, ಒಂದೊಂದೂ ಹನ್ನೆರಡು ಇಂಚು. ಸರಿಯಾಗಿ ಒಂದೇ ಸಾಲು.

"ಸರ್, ಈ ಲೆಕ್ಕ ನೀವೇ ಬರೆದಿದ್ದಾ?"

"ಆಯ್ಕೆ ನಂದೇ," ಎಂದರು ಟ್ರೈನರ್ ಸರ್. ಅಕ್ಕ ಒಮ್ಮೆ ಅವರ ಮುಖ ನೋಡಿ, ಹಾಳೆ ಮಡಚಿ, "ಊಟ ಆದಮೇಲೆ ಎಲ್ಲರೂ ಇಲ್ಲೇ ಸೇರೋಣ," ಎಂದಳು.

ಮಧ್ಯಾಹ್ನ ಎರಡಕ್ಕೆ ಲ್ಯಾಬಿನಲ್ಲಿ ಸೇರಿದೆವು. ಟ್ರೈನರ್ ಸರ್, ಟೀಚರು, ಹುಡುಗಿ, ನಾನು, ಬೇರೆ ಶಾಲೆಗಳ ಶಿಕ್ಷಕರು. ಅಕ್ಕ ಮೇಜಿನ ಮೇಲಿನ ಧೂಳೊರೆಸುವ ಬಟ್ಟೆ ಎತ್ತಿ ಹುಡುಗಿಗೆ ಕೊಟ್ಟಳು.

"ಇದು ಮೂವತ್ತಾರು ಇಂಚು ಅಗಲ ಅಂದ್ಕೋ. ಹನ್ನೆರಡು ಇಂಚಿನ ತುಂಡು ಒಂದು ಸಾಲಲ್ಲಿ ಎಷ್ಟು ಬರುತ್ತೆ ಪುಟ್ಟಿ?"

"ಎರಡೇ," ಎಂದಳು ಹುಡುಗಿ ಥಟ್ಟನೆ. "ಎರಡು ಕಡೆ ಅಂಚು ಬಿಡಬೇಕಲ್ಲ. ಅರ್ಧರ್ಧ ಇಂಚು. ಅಂಚು ಸೇರಿಸಿ ಕತ್ತರಿಸಿದ್ರೆ ಅಮ್ಮ ಬೈತಾರೆ."

"ಅಮ್ಮ ಏನು ಮಾಡ್ತಾರೆ?"

"ಬಟ್ಟೆ ಹೊಲೀತಾರೆ."

ಅಕ್ಕ ಹಾಳೆ ಬಿಡಿಸಿದಳು. "ನೋಡಿ. ಉತ್ತರ ಕದ್ದೋರು ಉತ್ತರಾನೇ ಬರೀತಾರೆ. ಇವಳ ಪ್ರೋಗ್ರಾಮಲ್ಲಿ ಕದ್ದ ಉತ್ತರ ಒಂದೂ ಇಲ್ಲ, ಪ್ರತಿಯೊಂದನ್ನೂ ಲೆಕ್ಕ ಹಾಕೇ ಕೊಡುತ್ತೆ. ಆದ್ರೆ ಇಲ್ಲೊಂದು ಗೆರೆ ಇದೆ, ಬಟ್ಟೆಯ ಅಗಲದಲ್ಲಿ ಒಂದು ಇಂಚು ಕಳೀತಾಳೆ. ಲೆಕ್ಕದಲ್ಲಿ ಅಂಚಿನ ಮಾತೇ ಇಲ್ಲ. ಅವರ ಮನೇಲಿ ಅದನ್ನ ಬಾಯಿಬಿಟ್ಟು ಹೇಳೋ ಅಗತ್ಯಾನೇ ಇಲ್ಲ, ಕೈ ತಾನಾಗೇ ಕಳೆಯುತ್ತೆ. ಉಳಿದ ಆರು ಪರೀಕ್ಷೆಗೆ ಅದರಿಂದ ವ್ಯತ್ಯಾಸ ಆಗಲಿಲ್ಲ. ಏಳನೇದರಲ್ಲಿ ತುಂಡುಗಳು ಅಂಚಿಗಂಚು ಕೂತ್ವು, ಅಲ್ಲಿ ಸಿಕ್ಕಿಬಿತ್ತು."

"ಹಾಗಾದ್ರೆ ಫೈಲಲ್ಲೂ ಅದೇ ತಪ್ಪು ಹೇಗೆ ಬಂತು?" ಎಂದೆ.

"ಅದೇ ಪ್ರಶ್ನೆ ರಾಯರೇ. ಅಂಚು ಬಿಡೋ ಕೈಯೇ ಆ ಫೈಲನ್ನೂ ಮಾಡಿದೆ. ಇವಳು ಉತ್ತರ ನೋಡಿಲ್ಲ, ಉತ್ತರ ಮಾಡಿದೋಳೇ ಇವಳು. ಹತ್ತು ನಿಮಿಷ ಸಾಕಾಗಿದ್ದೂ ಅದಕ್ಕೇ. ಸರ್, ಈಗ ಹೇಳಿ. ಈ ಲೆಕ್ಕ ನಿಮಗೆ ಸಿಕ್ಕಿದ್ದು ಎಲ್ಲಿ?"

ಟ್ರೈನರ್ ಸರ್ ಹಣೆ ಒರೆಸಿಕೊಂಡರು. "ರಜೆಯಲ್ಲಿ ಟೀಚರ್‌ಗಳಿಗೆ ಕಂಪ್ಯೂಟರ್ ತರಬೇತಿ ಮಾಡಿದ್ವಲ್ಲ? ಸರ್ಟಿಫಿಕೇಟ್ ಬೇಕಾದ್ರೆ ಒಬ್ಬೊಬ್ಬರೂ ಒಂದು ಹೊಸ ಲೆಕ್ಕ, ಪ್ರೋಗ್ರಾಂ, ಉತ್ತರ ಎಲ್ಲಾ ಮಾಡಿ ಕೊಡಬೇಕಿತ್ತು. ಅದರಲ್ಲಿ ಇದು ಚೆನ್ನಾಗಿತ್ತು. ಎತ್ಕೊಂಡೆ. ಇನ್ನೊಂದ್ಸಲ ಪರೀಕ್ಷಿಸಿ ನೋಡಬೇಕಿತ್ತು. ಪುರಸೊತ್ತಾಗಲಿಲ್ಲ."

"ಕೊಟ್ಟವರು ಯಾರು?"

ಅವರು ಬಾಯಿ ತೆರೆಯುವ ಮೊದಲೇ ಕನ್ನಡಕದ ಡಬ್ಬಿ ಟಪ್ಪೆಂದು ಮುಚ್ಚಿಕೊಂಡಿತು.

"ನಾನೇ," ಎಂದರು ಟೀಚರು. "ಇಪ್ಪತ್ತಾರು ವರ್ಷ ಪಾಠ ಮಾಡಿದೀನಿ. ಈ ಪ್ರೋಗ್ರಾಮಿಂಗ್ ಮಾತ್ರ ತಲೆಗೆ ಹತ್ತಲಿಲ್ಲ. ತರಬೇತೀಲಿ ಎಲ್ಲರೂ ಚಿಕ್ಕೋರು, ಕೇಳೋಕೆ ನಾಚಿಕೆ. ಇವಳು ಶಾಲೆ ಮುಗಿದ ಮೇಲೆ ಶಾಲೆ ಕಂಪ್ಯೂಟರಲ್ಲಿ ಮಾಡಿಟ್ಟಿದ್ದ ಲೆಕ್ಕಾನ, ಪ್ರೋಗ್ರಾಂ, ಉತ್ತರ ಸಮೇತ ನನ್ನ ಹೆಸರಲ್ಲಿ ಕೊಟ್ಟೆ. ಇಲ್ಲಿ ಬರುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ. ಬೆಳಿಗ್ಗೇನೇ ಹೇಳಬೇಕಿತ್ತು. ಗಂಟಲಿಗೆ ಬಂತು, ಹೊರಗೆ ಬರಲಿಲ್ಲ."

ಅಕ್ಕ ಹುಡುಗಿಯ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಲ್ಲ ಪುಟ್ಟಿ. ಕಳ್ಳಿ ಅಂದಾಗಲೂ ಯಾಕೆ ಸುಮ್ನಿದ್ದೆ?"

ಹುಡುಗಿ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲು ನನ್ನ ಲೆಕ್ಕ ಬಂತು ಅಂತ ಖುಷಿಯಾಯ್ತು. ಆಮೇಲೆ... ಮಿಸ್ ಹೇಳ್ತಾರೆ ಅಂತ ಕಾಯ್ತಿದ್ದೆ."

ಆ ಮಾತಿಗೆ ಟೀಚರು ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನನಗೂ ತಡೆಯಲಾಗಲಿಲ್ಲ. ಬೆಳಿಗ್ಗೆಯ ನನ್ನ ಗದರಿಕೆ ನನ್ನ ಕಿವಿಯಲ್ಲೇ ಮೊಳಗಿ, ಥೂ ನನ್ನ ಜನ್ಮಕ್ಕೆ ಎನಿಸಿತು.

ಕಳ್ಳತನದ ಮಾತು ಅಲ್ಲಿಗೆ ಮುಗಿಯಿತು. ಆದರೆ ನಿಯಮ ಮುಗಿಯಲಿಲ್ಲ. ತಾನೇ ಮಾಡಿದ ಲೆಕ್ಕಕ್ಕೆ ಸ್ಪರ್ಧಿಗೆ ಅಂಕವಿಲ್ಲ. ಮೇಲಾಗಿ ತಪ್ಪು ಉತ್ತರವಿದ್ದ ಲೆಕ್ಕವನ್ನು ಎಲ್ಲರಿಗೂ ರದ್ದು ಮಾಡಲೇಬೇಕಿತ್ತು. ಅಕ್ಕ ಟ್ರೈನರ್ ಸರ್ ಜತೆ ಅರ್ಧ ಗಂಟೆ ವಾದಿಸಿದಳು, ಇನ್ನೊಂದು ಸ್ಥಾನ ಸೇರಿಸಿ ಎಂದು ಕೈಮುಗಿದಳು. ಅವರು ಮೇಲಿನವರಿಗೆ ಫೋನ್ ಮಾಡಿ ನೋಡಿದರು. ಆಗುವುದಿಲ್ಲ ಎಂದಿತು ಫೋನು.

ನಾಲ್ಕು ಗಂಟೆಗೆ ಪಟ್ಟಿ ಅಂಟಿಸಿದವನು ನಾನೇ. ಉಳಿದ ಮೂರು ಲೆಕ್ಕಗಳಿಂದ ಹುಡುಗಿ ಐದನೆಯವಳು. ನಾಲ್ಕನೆಯವನಿಗಿಂತ ಎರಡು ಅಂಕ ಕಡಿಮೆ.

ಅವಳು ಪಟ್ಟಿಯನ್ನು ಎರಡು ಸಲ ಓದಿದಳು. ಟೀಚರು ಅಷ್ಟರಲ್ಲಿ ನೋಟಿಸ್ ಬೋರ್ಡಿನ ಪಕ್ಕ ಅಂಟಿಸಿದ್ದ ನಾಲ್ಕನೇ ಲೆಕ್ಕದ ಹಾಳೆಯ ಕೆಳಗೆ ಹುಡುಗಿಯ ಹೆಸರನ್ನು ದೊಡ್ಡದಾಗಿ ಬರೆದು, ಸರ್ಟಿಫಿಕೇಟ್ ವಾಪಸ್ ಕೊಡುತ್ತೇನೆಂಬ ಪತ್ರವನ್ನು ಸರ್ ಕೈಗಿತ್ತಿದ್ದರು. ಅದರಿಂದ ಹುಡುಗಿಗೆ ಎರಡು ಅಂಕ ಬರುವ ಹಾಗಿರಲಿಲ್ಲ.

"ಮಿಸ್, ಐದು ಗಂಟೆ ಬಸ್ಸಿದೆ," ಎಂದಳು ಹುಡುಗಿ. ಅವರ ಕೈ ಹಿಡಿದುಕೊಂಡವಳೂ ಅವಳೇ.

ನಾನು ಗೇಟಿನ ತನಕ ಓಡಿದೆ. ಕಾಗದದಲ್ಲಿ ಸುತ್ತಿದ್ದ ಸುಣ್ಣದ ಎರಡು ತುಂಡುಗಳನ್ನು ಚಾಚಿದೆ. "ತಪ್ಪಾಯ್ತಮ್ಮ," ಎಂದೆ.

ಅವಳು ಕಾಗದ ಬಿಚ್ಚಿ, ತುಂಡುಗಳನ್ನು ಜೋಡಿಸಿ ನೋಡಿದಳು. "ಅಮ್ಮಂಗೆ ಬೇಕು ಅಂಕಲ್, ಒಂದೇ ಇರೋದು," ಎಂದು ಕಂಪಾಸ್ ಡಬ್ಬಿಗೆ ಹಾಕಿಕೊಂಡಳು. ಬ್ಯಾಗನ್ನು ಹೆಗಲಿಗೇರಿಸುವ ಮೊದಲು ಒಂದು ಕ್ಷಣ ತಡೆದು, ಅದರ ಬಾಯಿ ತೆರೆದು ನನ್ನೆದುರು ಹಿಡಿದಳು.

"ಹೋಗೋವಾಗಲೂ ನೋಡ್ಬೇಕಾ ಅಂಕಲ್?"

ಅವಳು ಕೊಂಕಿನಿಂದ ಕೇಳಿದ್ದಲ್ಲ. ಅದು ಇಲ್ಲಿಯ ಪದ್ಧತಿ ಎಂದೇ ಅಂದುಕೊಂಡಿದ್ದಳು. ಬೇಡ ಎಂದು ತಲೆಯಾಡಿಸಿದೆ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಗೇಟು ಹಿಡಿದು ನಿಂತಿದ್ದೆ. ಆಮೇಲೆ ಅಕ್ಕ ಬಂದು ಲ್ಯಾಬಿಗೆ ಬೀಗ ಹಾಕಿಲ್ಲ ಎಂದು ನೆನಪಿಸಬೇಕಾಯಿತು.