ಗಂಟೆಯ ಕೆಳಗಿನ ಕೋಣೆ

ಪುಟ ಇರಲಿಲ್ಲ. ದೀಕ್ಷಾಸ್ನಾನದ ದಪ್ಪ ಪುಸ್ತಕದಲ್ಲಿ ಅದು ಇರಬೇಕಾದ ಕಡೆ, ಹೊಲಿಗೆಗೆ ಅಂಟಿಕೊಂಡ ಬೆರಳಗಲದ ಕಾಗದವಷ್ಟೇ ಉಳಿದಿತ್ತು.

"ಇಲಿ ಇಷ್ಟು ನೇರವಾಗಿ ಕಡಿಯಲ್ಲ," ಎಂದರು ಅತ್ತಿಗೆ. "ಅಂಚು ನೋಡು, ಇನ್ನೂ ಬೆಳ್ಳಗಿದೆ. ಈಚೆಗೆ ಕತ್ತರಿಸಿದ್ದು."

ಅಷ್ಟರಲ್ಲಿ ಬೆನ್ನ ಹಿಂದೆ ಕಬ್ಬಿಣದ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಇಗರ್ಜಿಯ ಗಂಟೆಗೋಪುರದ ಕೆಳಗಿನ ಆ ಕೋಣೆಗೆ ಕಿಟಕಿಯಿಲ್ಲ, ಬೆಳಕೆಲ್ಲ ಬಾಗಿಲಿನದೇ. ಬಾಗಿಲಿಗೆ ಒತ್ತುಕೊಟ್ಟಿದ್ದ ಕಲ್ಲನ್ನು ಕಾಲಿಗೆ ಅಡ್ಡವೆಂದು ಸರಿಸಿದ ಪುಣ್ಯಾತ್ಮ ನಾನೇ. ಮುಚ್ಚಿದ ಕೋಣೆಯೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಗಂಟೆ ಬಾರಿಸುವ ಮುದುಕ ಬಂದು ತೆರೆದ.

ಒಳಗಿನಿಂದ ಹೊರಬರುವ ಉಪಾಯವನ್ನೂ ಅವನು ತೋರಿಸಿದ. ಕೆಳಗಿನ ಕಪಾಟಿನ ಹಿಂದೆ ಒಂದು ತಂತಿ. ಎಳೆದರೆ ಚಿಲಕ ಮೇಲೇಳುತ್ತದೆ. "ನಾನೇ ಒಂದ್ಸಲ ಸಿಕ್ಕಿಹಾಕ್ಕೊಂಡು ಆಮೇಲೆ ಕಟ್ಟಿದ್ದು. ನಗ್ತಾರೆ ಅಂತ ಫಾದರಿಗೂ ಹೇಳಿಲ್ಲ."

ಜನರ ವಂಶ ಹುಡುಕಿಕೊಡುವುದು ಅತ್ತಿಗೆಯ ಕಸುಬು. ಕಾರು ಓಡಿಸುವುದು, ಬೈಸಿಕೊಳ್ಳುವುದು ಮೈದುನನಾದ ನನ್ನ ಕಸುಬು. ಈ ಸಲ ನಮ್ಮನ್ನು ಕರೆಸಿದವಳು ಹಲ್ಲಿನ ಆಸ್ಪತ್ರೆಯ ನರ್ಸು. ಅವಳ ಅಜ್ಜಿ, ಶಾಲೆಯ ಮೇಷ್ಟ್ರ ಮನೆಯ ಅಡುಗೆಯವಳಿಗೆ ಮದುವೆಯಿಲ್ಲದೆ ಹುಟ್ಟಿದವಳು. ನರ್ಸು ಈಗ ಮದುವೆಯಾಗಬೇಕಿದ್ದದ್ದು ಅದೇ ಮೇಷ್ಟ್ರ ಮೊಮ್ಮಗನನ್ನು. ಅವನು ಕಿಟಕಿಗಳಿಗೆ ಗಾಜು ಕೂರಿಸುವವನು. ಆ ಮಗು ಮೇಷ್ಟ್ರದೇ ಎಂದು ಹಿಂದೆ ಜನ ಆಡಿಕೊಂಡಿದ್ದರಂತೆ. ಹಾಗಾದರೆ ಇಬ್ಬರದೂ ಒಂದೇ ರಕ್ತ. ಸಂಶಯ ತೀರುವತನಕ ಮದುವೆ ಮಾಡಿಸುವುದಿಲ್ಲವೆಂದು ಪಾದ್ರಿ ಹೇಳಿಬಿಟ್ಟಿದ್ದರು.

"ಮುಂದಕ್ಕೂ ಹೋಗೋ ಹಾಗಿಲ್ಲ, ಹಿಂದಕ್ಕೂ ಬರೋ ಹಾಗಿಲ್ಲ," ಎಂದಿದ್ದಳು ಅವಳು. "ನಮ್ಮಜ್ಜಿ ಅಪ್ಪ ಯಾರು ಅಂತ ಹೇಳಿ, ಸಾಕು."

ಅತ್ತಿಗೆ ಕತ್ತರಿಸಿದ ಪುಟದ ಹಿಂದಿನ, ಮುಂದಿನ ಪುಟಗಳನ್ನು ನನ್ನಿಂದ ಓದಿಸಿದರು. ತಂದೆಯ ಹೆಸರಿಲ್ಲದ ಮಕ್ಕಳು ಅಲ್ಲಲ್ಲಿ ಇದ್ದವು. ದೀಕ್ಷೆಯ ವೇಳೆ ಅವನ್ನೆಲ್ಲ ಎತ್ತಿಕೊಂಡ ಧರ್ಮತಂದೆ ಒಬ್ಬನೇ— ಆಗಿನ ಗಂಟೆಯವನು.

"ನಮ್ಮ ತಾತ," ಎಂದ ಮುದುಕ. "ಯಾರೂ ಎತ್ಕೊಳ್ದೆ ಇರೋ ಮಕ್ಕಳನ್ನ ಅವರೇ ಎತ್ಕೋತಿದ್ರು."

ಕೋಣೆಗೆ ಈಚೆಗೆ ಬಂದವರು ಯಾರು? ಮುದುಕನಿಗೆ ನೆನಪಿರಲಿಲ್ಲ. ಗೋಪುರದ ಒಡೆದ ಗಾಜು ಹಾಕಲು ಮದುಮಗನೇ ಬಂದಿದ್ದನಂತೆ. ಅವನನ್ನು ಕೇಳಿದೆವು. "ನಾನು ಹತ್ತಿದ್ದು ಮೇಲಕ್ಕೆ. ಕೆಳಗಿನ ಕೋಣೆಗೆ ಕಾಲೇ ಇಟ್ಟಿಲ್ಲ," ಎಂದ. ಅವನ ಸೋದರತ್ತೆ, ಅಂದರೆ ಮೇಷ್ಟ್ರ ಮಗಳು, ನಮ್ಮನ್ನು ಒಳಗೂ ಕರೆಯಲಿಲ್ಲ.

"ನಮ್ಮಪ್ಪನ ಮಾನ ಕಳೆಯೋ ಪುಟ ಅದು. ಕತ್ತರಿಸಿದವರ ಹೊಟ್ಟೆ ತಣ್ಣಗಿರಲಿ."

ಕಳ್ಳಿ ಸಿಕ್ಕಳು ಎಂದುಕೊಂಡೆ ನಾನು. ಅತ್ತಿಗೆ ನನ್ನ ಮುಖ ನೋಡಿ ನಕ್ಕರು. ಇಂಥ ಪುಸ್ತಕಗಳ ನಕಲು ವರ್ಷವರ್ಷ ಬಿಷಪ್ಪರ ಕಚೇರಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತು, ಕತ್ತರಿಸಿದವರಿಗೆ ಗೊತ್ತಿರಲಿಲ್ಲ.

ನಕಲು ಕೈಗೆ ಬಂದ ಮೇಲೆ ಅತ್ತಿಗೆ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದರು. ನಾನು ಬಾಗಿಲಿಗೆ ಅಂಟಿಕೊಂಡು ನಿಂತೆ. ಮುದುಕ ಆಚೆ ಉಳಿದ. ಅತ್ತಿಗೆ ನಕಲಿನಲ್ಲಿದ್ದ ನರ್ಸಿನ ಅಜ್ಜಿಯ ದಾಖಲೆ ಓದಿದರು. ತಂದೆ: ಖಾಲಿ. ಧರ್ಮತಂದೆ: ಶಾಲೆಯ ಮೇಷ್ಟ್ರು.

ನರ್ಸಿನ ಮುಖ ಇಳಿದುಹೋಯಿತು. "ಅಂದ್ರೆ ನಿಜಾನೇ?"

"ಅಲ್ಲಮ್ಮ. ಹೆತ್ತ ತಂದೆ ತನ್ನ ಮಗುವಿಗೇ ಧರ್ಮತಂದೆ ಆಗೋ ಹಾಗಿಲ್ಲ, ಇಗರ್ಜಿ ಬಿಡಲ್ಲ. ಹಾಗಾಗಿ ಮೇಷ್ಟ್ರು ತಂದೆಯಲ್ಲ. ಈಗ ಹೇಳು— ಅಂಥ ಮಕ್ಕಳನ್ನೆಲ್ಲ ಎತ್ಕೊಂಡವನು, ನಿಮ್ಮಜ್ಜಿ ಒಬ್ಬಳನ್ನೇ ಯಾಕೆ ಎತ್ಕೊಳ್ಳಲಿಲ್ಲ?"

ಎಲ್ಲರ ಕಣ್ಣೂ ಮುದುಕನಿದ್ದ ಬಾಗಿಲಿನ ಕಡೆ ತಿರುಗಿತು. ಸೋದರತ್ತೆ ಗೋಡೆಗೆ ಒರಗಿ ಅತ್ತುಬಿಟ್ಟರು. ಎಷ್ಟು ವರ್ಷದ ಭಾರವೋ. ನರ್ಸು ಮದುಮಗನ ಕೈ ಹಿಡಿದುಕೊಂಡಳು. ಅವನ ಮುಖದಲ್ಲಿ ಮಾತ್ರ ಸಂತೋಷವಿರಲಿಲ್ಲ.

ಅತ್ತಿಗೆ ಮೆಲ್ಲಗೆ ಕಲ್ಲನ್ನು ಕಾಲಿನಿಂದ ಸರಿಸಿದರು.

ಬಾಗಿಲು ಮುಚ್ಚಿತು. ಕಗ್ಗತ್ತಲು. ತಂತಿಯ ಕಡೆ ಬಾಗಿದ ನನ್ನ ರಟ್ಟೆಯನ್ನು ಅತ್ತಿಗೆ ಗಟ್ಟಿಯಾಗಿ ಹಿಡಿದರು. ಸೋದರತ್ತೆ ಬಾಗಿಲು ಬಡಿದರು. ಯಾರೋ ನನ್ನನ್ನು ನೂಕಿ ದಾಟಿದರು. ಖಟ್— ಚಿಲಕ ಮೇಲೆದ್ದಿತು, ಬೆಳಕು ಬಂತು.

ಕೆಳಗಿನ ಕಪಾಟಿನ ಬಳಿ ಮದುಮಗ ಮಂಡಿಯೂರಿದ್ದ. ತಂತಿ ಇನ್ನೂ ಅವನ ಕೈಯಲ್ಲಿತ್ತು.

"ಕಾಲೇ ಇಡದ ಕೋಣೇಲಿ ತಂತಿ ಎಲ್ಲಿದೆ ಅಂತ ಹೇಗಪ್ಪಾ ಗೊತ್ತಾಯ್ತು?" ಎಂದರು ಅತ್ತಿಗೆ. "ಪುಟ ಕತ್ತರಿಸೋವಾಗ ನೀನೂ ಸಿಕ್ಕಿಹಾಕ್ಕೊಂಡೆ. ತಡಕಾಡಿ ಕಂಡುಕೊಂಡೆ. ಪುಟ ಇಲ್ಲದಿದ್ರೆ ಸಂಶಯ ಎಂದಿಗೂ ತೀರಲ್ಲ. ಮದುವೇನೂ ಆಗಲ್ಲ. ನಿನಗೆ ಬೇಕಾಗಿದ್ದೂ ಅದೇ."

ಅವನು ಎದ್ದ. ತಲೆ ಎತ್ತಲಿಲ್ಲ. "ಮದುವೆ ಅಂತ ಎಲ್ಲರಿಗೂ ಹೇಳಿ ಆಗಿತ್ತು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ನರ್ಸು ಅವನ ಎದುರಿಗೆ ಬಂದು ನಿಂತಳು. ಅಳುತ್ತಾಳೆಂದು ನಾನು ಹೆದರಿದ್ದೆ.

"ನನ್ನ ಬೇಡ ಅನ್ನೋಕೆ ನಮ್ಮಜ್ಜಿ ಹುಟ್ಟನ್ನ ಯಾಕೆ ಕತ್ತರಿಸ್ದೆ?" ಎಂದಷ್ಟೇ ಕೇಳಿ ಹೊರಗೆ ಬಂದಳು.

ಆಚೆ ಮುದುಕ ತನ್ನ ಕುರ್ಚಿಯನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸುತ್ತಿದ್ದ. ಬಾಗಿಲ ಸಂದಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನಮ್ಮ ತಾತನ ಮಗಳು ಅಂದ್ಮೇಲೆ, ಲೆಕ್ಕಕ್ಕೆ ನಿಮ್ಮಜ್ಜಿ ನನಗೆ ಸೋದರತ್ತೆ ಆಗ್ಬೇಕು ತಾಯಿ," ಎಂದ. "ಬಾ, ಕೂತ್ಕೋ."

ಆಗ ಅವಳಿಗೆ ಅಳು ಬಂತು. ಅತ್ತಿಗೆ ಸೋದರತ್ತೆಯ ಕೈ ಹಿಡಿದು ಮೆಟ್ಟಿಲು ದಾಟಿಸಿದರು. ನಾನು ಕಲ್ಲನ್ನು ಮತ್ತೆ ಬಾಗಿಲಿಗೆ ಒತ್ತಿಟ್ಟೆ. ಬಾಗಿಲು ಪೂರ್ತಿ ತೆರೆದೇ ಇತ್ತು. ಗಾಜಿನವನು ಮಾತ್ರ ಒಳಗೇ ನಿಂತಿದ್ದ.