ಲೆನ್ಸಿಗೆ ಹಿಡಿದ ಹೊಗೆ

"ಏ... ಸೆರಗಲೆ ಒರಸಬ್ಯಾಡ್ರಿ!"

ಯಂತ್ರದ ಲೆನ್ಸ್ ಒರೆಸಲು ಸೆರಗು ಹಿಡಿದ ನಂದಾಳ ಕೈ ಗಾಳಿಯಲ್ಲೇ ನಿಂತಿತು. ಅಂಗಡಿಯ ಬಾಗಿಲಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಅಪರಿಚಿತನೊಬ್ಬ ನಿಂತಿದ್ದ.

"ಮಷೀನ್ ನಂದು. ಕೇಳಾಕ ನೀವ್ಯಾರ್ರಿ?"

"ಕಂಪನಿಯಿಂದ ಸರ್ವಿಸಿಗೆ ಬಂದೀನ್ರಿ, ಅಣ್ಣಾರಾಯ ಅಂತ. ಲೆನ್ಸ್ ಇನ್ನೂ ಬಿಸಿ ಐತಿ. ತಿಕ್ಕಿದ್ರ ಗೀರು ಬೀಳತಾವ."

ಜಗಳವಾಡುವಷ್ಟು ತ್ರಾಣವೂ ನಂದಾಳಲ್ಲಿ ಉಳಿದಿರಲಿಲ್ಲ. ಸುಮ್ಮನೆ ಪಕ್ಕಕ್ಕೆ ಸರಿದಳು.

ವಿಚ್ಛೇದನವಾಗಿ ಸನಮಡಿಯ ತವರಿಗೆ ಮರಳಿದವಳು, ಹತ್ತಿರದ ಜತ್ತ್ ಪಟ್ಟಣದಲ್ಲಿ ಈ ಲೇಸರ್ ಕಟಿಂಗ್ ಅಂಗಡಿ ಇಟ್ಟಿದ್ದಳು. ಬೆಳಿಗ್ಗೆ ಎಸ್ಟಿ ಬಸ್ಸು, ದಿನವಿಡೀ ಸುಟ್ಟ ಕಟ್ಟಿಗೆಯ ಹೊಗೆ, ಸಂಜೆ ಮೊಣಕಾಲು ನೋವಿನ ಅವ್ವ ಸಿದ್ದವ್ವನಿಗೆ ಅಡುಗೆ. ಮದುವೆಯ ಹೆಸರಿನ ಪಾಟಿಗಳನ್ನು, ಆ ಕಟ್ಟಿಗೆಯ ಫಲಕಗಳನ್ನು, ಕತ್ತರಿಸುತ್ತಾ ಕತ್ತರಿಸುತ್ತಾ ಅವಳ ಕಣ್ಣುಗಳೇ ಮಂಜಾಗಿದ್ದವು.

ಅಣ್ಣಾರಾಯ ಲೆನ್ಸ್ ಆರುವವರೆಗೆ ಕಾದ. ಆಮೇಲೆ ಲೇಸರ್ ಹೆಡ್ಡಿನಿಂದ ಅದನ್ನು ಬಿಚ್ಚಿ, ಅಂಚಿನಲ್ಲಷ್ಟೇ ಹಿಡಿದು, ಮೆತ್ತನೆಯ ಕಾಗದಕ್ಕೆ ಒಂದು ಹನಿ ಸ್ಪಿರಿಟ್ ಹಾಕಿದ.

"ತಿಕ್ಕಬಾರದ್ರಿ. ಹಿಂಗ, ಮೆಲ್ಲಕ ಒಂದ ಕಡಿ ಎಳೀಬೇಕು..."

ಲೆನ್ಸ್ ಫಳಫಳಿಸಿತು. ಅವನು ತಲೆಯೆತ್ತಿ ಅವಳ ಮುಖ ನೋಡಿದ.

"ಭಾಳ ದಣದೀರಿ. ಬಾಕಿದ್ದು ನಾ ಮಾಡ್ತೀನಿ ಬಿಡ್ರಿ."

ನಂದಾ ಥಟ್ಟನೆ ಗೋಡೆಯ ಕಡೆ ತಿರುಗಿದಳು. ಇಷ್ಟು ದಿನ ಯಾರೂ ಈ ಮಾತು ಅಂದಿರಲಿಲ್ಲ... ಕಣ್ಣು ತುಂಬಿದ್ದನ್ನು ಅವನು ನೋಡುವುದು ಬೇಡವಾಗಿತ್ತು.

ಆಮೇಲೆ ಯಂತ್ರ ಕೆಟ್ಟಾಗಲೆಲ್ಲ ಅವಳು ಕಂಪನಿಗೆ ಹೇಳದೆ ನೇರವಾಗಿ ಅವನಿಗೇ ಫೋನ್ ಮಾಡುತ್ತಿದ್ದಳು. ರವಿವಾರ ಅವನು ಬರುತ್ತಿದ್ದ. ಆದರೆ ಲೆನ್ಸಿಗೆ ಮತ್ತೆ ಮತ್ತೆ ಹೊಗೆ ಹಿಡಿಯುತ್ತಿತ್ತು. ಪಾಟಿಗಳ ಅಂಚು ಕರಕಲಾಗುತ್ತಿತ್ತು. ಗಿರಾಕಿಗಳು ಬೈದು ಹೋಗುತ್ತಿದ್ದರು.

ಪಕ್ಕದ ಬಳೆ ಅಂಗಡಿಯ ಇಂದ್ರಾಬಾಯಿ ಒಂದು ದಿನ ಅಂದೇಬಿಟ್ಟಳು: "ಅಂವಾ ಬಂದು ಹೋದ ಮ್ಯಾಲೇನ ಯಾಕ ಕೆಡತೈತಿ? ನೀ ಮತ್ತ ಕರೀಲಿ ಅಂತ ತಾನ ಏನರ ಮಾಡಿ ಹೋಗ್ತಿರಬೇಕು!"

ಆ ಮಾತು ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು. ಮುಂದಿನ ಸಲ ಅವನು ಬಂದಾಗ ಕೇಳಿಯೂ ಬಿಟ್ಟಳು.

ಅವನ ಮುಖ ಬಿಳಿಚಿಕೊಂಡಿತು.

"ನಾ ಹಂಗ ಮಾಡಾಂವ ಅನಸ್ತೇನ್ರಿ ನಿಮಗ?"

ಅವಳು ಯಂತ್ರದ ಕಡೆ ತಿರುಗಿದಳು. ಅವನು ಚೀಲ ಎತ್ತಿಕೊಂಡು ಹೊರಟುಹೋದ.

ಮತ್ತೆ ಬರಲಿಲ್ಲ.

ನಂದಾ ತಾನೇ ಲೆನ್ಸ್ ಒರೆಸತೊಡಗಿದಳು. ಒಂದು ಮಧ್ಯಾಹ್ನ, ಕೆಲಸ ನಡೆಯುತ್ತಿದ್ದಾಗ ಬಗ್ಗಿ ನೋಡುತ್ತಾ ನಿಂತಳು. ಹೆಡ್ ಮೂಲೆಗೆ ಓಡಿದೊಡನೆ ಅದರ ಗಾಳಿ ಪೈಪು ಬಿಗಿಯಾಯಿತು... ಸಣ್ಣ ಬಿರುಕೊಂದು ಬಾಯಿ ತೆರೆದು 'ಸುಸ್' ಎಂದಿತು! ಹೊಗೆಯನ್ನು ಕೆಳಗೆ ತಳ್ಳಬೇಕಾದ ಗಾಳಿ ಅಲ್ಲೇ ಸೋರಿ, ಹೊಗೆ ಲೆನ್ಸಿಗೆ ಏರುತ್ತಿತ್ತು. ಹೆಡ್ ನಡುವಿಗೆ ಬಂದರೆ ಬಿರುಕು ಮುಚ್ಚಿಕೊಳ್ಳುತ್ತಿತ್ತು.

ಅಯ್ಯೋ... ಅಂವಾ ಏನೂ ಮಾಡಿರಲಿಲ್ಲ!

ಪೈಪು ಬದಲಿಸಿದಳು. ಸಂಜೆಯವರೆಗೂ ಲೆನ್ಸ್ ಸ್ವಚ್ಛವಾಗಿತ್ತು. ಅಣ್ಣಾರಾಯ ಮಾತ್ರ ಅವಳ ಫೋನ್ ಎತ್ತಲಿಲ್ಲ. ಕಂಪನಿಗೆ ಕೇಳಿದರೆ, ಅವನನ್ನು ಎಂದೋ ಪಂಢರಪುರದ ಕಡೆಗೆ ಹಾಕಿದ್ದೇವೆ, ಆಮೇಲೆ ಜತ್ತಿಗೆ ಕಳಿಸಿಯೇ ಇಲ್ಲ ಎಂದರು.

ಹಾಗಾದರೆ ರಜೆಯ ದಿನ, ಅಷ್ಟು ದೂರದಿಂದ, ತಾನಾಗಿಯೇ ಬರುತ್ತಿದ್ದನೇ...?

ಇಂದ್ರಾಬಾಯಿಯ ಫೋನ್ ಇಸಿದುಕೊಂಡು ಅವನಿಗೆ ಕರೆ ಮಾಡಿದಳು.

"ನಾ ನಂದಾ..."

ಆ ಕಡೆಯಿಂದ ಅವನು ಕೇಳಿದ, "ಮಷೀನ್ ಮತ್ತ ಕೆಟ್ಟೈತೇನ್ರಿ?"

"ಇಲ್ಲ. ಮಷೀನ್ ಚಲೋ ನಡದೈತಿ. ನೀವು... ಬರ್ರಿ."

ರವಿವಾರ ಅವನು ಬಂದ. ಅವಳು ಒಡೆದ ಪೈಪನ್ನು ಅವನ ಮುಂದಿಟ್ಟಳು.

"ತಪ್ಪಾತ್ರಿ. ನಿಮ್ಮ ಮ್ಯಾಲೆ ಸಂಶೇ ಮಾಡಿದೆ."

ಅವನು ಪೈಪನ್ನು ಬಗ್ಗಿಸಿ ನೋಡಿ, ಸೋತವನಂತೆ ನಕ್ಕ.

"ಇದು ನನಗ ಮೊದಲನೇ ದಿನಾನ ಸಿಗಬೇಕಿತ್ರಿ."

"ಮತ್ತ ಯಾಕ ಸಿಗಲಿಲ್ಲ?"

"ಹೆಡ್ ಓಡೂ ಮುಂದ ಅದನ್ನ ನೋಡಬೇಕು. ನಾ... ನಿಮ್ಮನ್ನ ನೋಡಕೋತ ನಿಂತಿರ್ತಿದ್ದೆ."

ನಂದಾ ಅವನ ಕೈಯಿಂದ ಪೈಪನ್ನು ತೆಗೆದುಕೊಂಡು ಬದಿಗಿಟ್ಟಳು.

"ನಾ ಗಂಡನ ಮನಿ ಬಿಟ್ಟು ಬಂದಾಕಿ. ದಿನಾ ನಕ್ಕೋತ ಮಾತಾಡೂವಷ್ಟು ತ್ರಾಣ ನನ್ನ ಕಡಿ ಇಲ್ಲ."

"ಮಾತಾಡಬ್ಯಾಡ್ರಿ. ನಾನೂ ನಿಮ್ಮ ಬಾಜೂಕ ಸುಮ್ಮನ ಇರ್ತೀನಿ."

ಅವಳು ಯಂತ್ರ ಬಂದ್ ಮಾಡಿದಳು. ಆಮೇಲೆ ಮೆಲ್ಲಗೆ ಅಂದಳು:

"ಸನಮಡಿಗೆ ಬಾ. ಇದನ್ನ ಅವ್ವನ ಮುಂದ ಹೇಳು."

"'ಬಾ' ಅಂದ್ರಿ?"

"ಹೂಂ... ಬಾ ಅಂದೆ."